ದೂರು ಮುಖದ ಮೇಲೆ, ತೊಡಕು ಕಾಲಿನಲ್ಲಿ

ನಮ್ಮ ವಿಡಿಯೋ ಆಟದ ನಾಯಕಿಗೆ ಐವತ್ತು ದಾಟಿದೆ. ಸಮುದ್ರದ ನಡುವಿನ ಬಂಡೆಯ ಮೇಲೆ ದೀಪಸ್ತಂಭ ನೋಡಿಕೊಳ್ಳುವುದು ಆಕೆಯ ಕೆಲಸ. ದೀಪ ಆರಿಹೋದ ರಾತ್ರಿ ಕಂದೀಲು ಹಿಡಿದು, ಬಂಡೆಯಿಂದ ಬಂಡೆಗೆ ಹಾರಿ, ಮುರಿದ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಕಥೆ ಇಷ್ಟೇ. ಚಿಕ್ಕ ತಂಡ ನಮ್ಮದು. ಆಕೆಯ ಆನಿಮೇಷನ್, ಕಂಟ್ರೋಲ್ ಎರಡೂ ನನ್ನ ಪಾಲಿಗೆ ಬಂದವು. ಹಾಗಾಗಿ ನನಗೆ ಆಕೆ ಮೊದಲು ಸಿಕ್ಕಿದ್ದು ಮುಖವಿಲ್ಲದೆ, ಕೈಕಾಲಿಲ್ಲದೆ, ಮಾತ್ರೆಯ ಆಕಾರದ ಒಂದು ಬೂದು ಬಣ್ಣದ ಕ್ಯಾಪ್ಸೂಲ್ ಆಗಿ.

ಇದು ವಿಚಿತ್ರವೇನಲ್ಲ. ಮೂರು ಆಯಾಮದ ಆಟಗಳಲ್ಲಿ ಪಾತ್ರ ಎಷ್ಟೇ ಚೆಂದ ಇರಲಿ, ಗೋಡೆಗೆ ತಾಗುವುದು, ನೆಲದ ಮೇಲೆ ನಿಲ್ಲುವುದು ಬಹುತೇಕ ಆ ಕಣ್ಣಿಗೆ ಕಾಣದ ಕ್ಯಾಪ್ಸೂಲೇ. ಬಟ್ಟೆ, ಕೂದಲು, ಮೂಗು ಎಲ್ಲ ಅದರ ಮೇಲೆ ಹೊದಿಸಿದ್ದು. ಅದನ್ನು ಓಡಿಸಿ, ಹಾರಿಸಿ, ಬೀಳಿಸಿ ನೋಡುತ್ತಾ ಇದ್ದಾಗಲೇ ಆಕೆಯ ಸ್ವಭಾವ ಅರ್ಧ ತೀರ್ಮಾನವಾಗಿರುತ್ತದೆ. ಬಟನ್ ಒತ್ತಿದ ತಕ್ಷಣ ಚಿಮ್ಮುವವಳು ಒಬ್ಬಳು, ಒಂದು ಕ್ಷಣ ತಡೆದು ಹೊರಡುವವಳು ಇನ್ನೊಬ್ಬಳು. ಮುಖ ಬರೆಯುವವರು ಬರುವ ಹೊತ್ತಿಗೆ ಇದು ನಿರ್ಧಾರವಾಗಿಬಿಟ್ಟಿರುತ್ತದೆ.

ದೊಡ್ಡ ಜಗಳ ಇರುವುದು ಆ ಒಂದು ಕ್ಷಣದಲ್ಲೇ. ಆನಿಮೇಷನ್ ಕಲಿತವರಿಗೆಲ್ಲ ಗೊತ್ತು: ಹಾರುವ ಮೊದಲು ಮಂಡಿ ಬಗ್ಗಬೇಕು, ಭಾರ ಕೆಳಗಿಳಿಯಬೇಕು, ಆಗಲೇ ಮೈಗೆ ತೂಕವಿದೆ ಅನ್ನಿಸುವುದು. ಐವತ್ತು ದಾಟಿದ ಹೆಂಗಸು ಒದ್ದೆ ಬಂಡೆಯ ಮೇಲೆ ಸುಮ್ಮನೆ ಚಿಮ್ಮಿದರೆ ಯಾರೂ ನಂಬುವುದಿಲ್ಲ. ಆದರೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ, ಓಡುವ ಆಟದಲ್ಲಿ ಮಂಡಿ ಬಗ್ಗಿಸಲು 8 ಫ್ರೇಮ್ ಕೊಟ್ಟರೂ 133 ಮಿಲಿಸೆಕೆಂಡ್ ಹೋಯಿತು. ಟಿವಿ, ಕಂಟ್ರೋಲರ್‌ಗಳ ವಿಳಂಬ ಬೇರೆ. ಬಂಡೆಯ ಅಂಚಿನಲ್ಲಿ ಬಟನ್ ಒತ್ತಿದವನು ಅಷ್ಟರೊಳಗೆ ನೀರಿಗೆ ಬಿದ್ದಿರುತ್ತಾನೆ. ಬಿದ್ದವನು ತನ್ನನ್ನು ಬೈದುಕೊಳ್ಳುವುದಿಲ್ಲ, ಪಾತ್ರವನ್ನು ಬೈಯುತ್ತಾನೆ. ಅದು ಸರಿಯೂ ಹೌದು.

ನಾನು ಹಿಡಿದ ದಾರಿ ಇದು. ಬಟನ್ ಒತ್ತಿದ ಫ್ರೇಮಿನಲ್ಲೇ ಕ್ಯಾಪ್ಸೂಲ್ ಮೇಲೆದ್ದುಬಿಡುತ್ತದೆ. ಮಂಡಿ ಬಗ್ಗುವ ಭಂಗಿ ಗಾಳಿಯಲ್ಲೇ ಒಂದೆರಡು ಫ್ರೇಮ್ ಮಿಂಚಿ ಹೋಗುತ್ತದೆ. ತೂಕವನ್ನೆಲ್ಲ ತೆಗೆದು ಇಳಿಯುವ ಕಡೆಗೆ ಹಾಕಿದೆ. ನೆಲ ಮುಟ್ಟಿದಾಗ ಆಕೆ ಕುಸಿದು, ಒಂದು ಕೈ ತೊಡೆಯ ಮೇಲಿಟ್ಟು ಏಳುತ್ತಾಳೆ. ಆದರೆ ಆಟಗಾರ ಕಂಟ್ರೋಲರ್‌ನ ಕಡ್ಡಿ ತಳ್ಳಿದರೆ ಆ ಏಳುವ ಆನಿಮೇಷನ್ ಅರ್ಧಕ್ಕೇ ತುಂಡಾಗಿ ನಡಿಗೆಗೆ ಸೇರಿಕೊಳ್ಳುತ್ತದೆ. ಅವಸರ ಇದ್ದವರಿಗೆ ಚುರುಕು ಸಿಕ್ಕಿತು, ನಿಂತು ನೋಡುವವರಿಗೆ ವಯಸ್ಸು ಕಂಡಿತು. ಇದರ ಜೊತೆಗೆ ಅಂಚು ದಾಟಿದ ಮೇಲೂ ಕೆಲವು ಫ್ರೇಮ್ ಹಾರಲು ಬಿಡುವ ಕೊಯೊಟಿ ಟೈಮ್, ನೆಲ ಮುಟ್ಟುವ ತುಸು ಮೊದಲೇ ಒತ್ತಿದ ಬಟನ್ ನೆನಪಿಟ್ಟುಕೊಳ್ಳುವ ಬಫರ್. ಇವು ಗುಟ್ಟುಗಳಲ್ಲ. 2018ರಲ್ಲಿ ಬಂದ ಸೆಲೆಸ್ಟ್ ಆಟದ ತಂಡ ತನ್ನ ನಾಯಕಿ ಮ್ಯಾಡಲಿನ್ ಚಲಿಸುವ ಕೋಡನ್ನು ಎಲ್ಲರೂ ಓದುವಂತೆ ಬಹಿರಂಗವಾಗಿ ಇಟ್ಟಿದೆ. ಆ ಹುಡುಗಿಯ ಆತಂಕದ ಕಥೆಯನ್ನು ಮೆಚ್ಚಿ ಬರೆದವರು ಬಹಳ. ನನ್ನ ಮಟ್ಟಿಗೆ ಆ ಕಥೆ ನಾಟಿದ್ದು ಬೆರಳು ಹೇಳಿದ್ದನ್ನು ಆಕೆ ಒಂದು ಫ್ರೇಮ್ ಕೂಡ ತಡಮಾಡದೆ ಕೇಳುತ್ತಾಳೆ ಎಂಬ ಕಾರಣಕ್ಕೆ.

ಹಳೆಯ ನಾಯಕಿಯರನ್ನೂ ನಾನು ಹೀಗೇ ನೋಡುವುದು. 1996ರ ಟೂಮ್ ರೇಡರ್‌ನ ಲಾರಾ ಕ್ರಾಫ್ಟ್ ಅಂದರೆ ಜನಕ್ಕೆ ಮೈಕಟ್ಟು ನೆನಪಾಗುತ್ತದೆ. ಟೋಬಿ ಗಾರ್ಡ್ ಅವಳನ್ನು ರೂಪಿಸುವಾಗ ಮೊದಲು ಲಾರಾ ಕ್ರೂಜ್ ಎಂಬ ದಕ್ಷಿಣ ಅಮೆರಿಕದ ಹೆಣ್ಣಾಗಿದ್ದಳು, ಆಮೇಲೆ ಬ್ರಿಟಿಷ್ ಶ್ರೀಮಂತೆಯಾದಳು. ಬಿಡುಗಡೆಯಾದ ಮರುವರ್ಷವೇ ಫ್ಯಾಷನ್ ಪತ್ರಿಕೆಯ ಮುಖಪುಟ, ಜಾಹೀರಾತು, ಅವಳ ವೇಷ ಹಾಕಿದ ರೂಪದರ್ಶಿಯರು. ಅವಳನ್ನು ಮಾರುತ್ತಿದ್ದ ರೀತಿ ಗಾರ್ಡ್‌ಗೆ ಹಿಡಿಸಲಿಲ್ಲ. 1997ರಲ್ಲಿ ಸಂಸ್ಥೆ ಬಿಟ್ಟೇ ಹೋದರು. ಆ ಗದ್ದಲದಲ್ಲಿ ಒಂದು ಮಾತು ಮರೆತೇ ಹೋಯಿತು. ಆ ಆಟದ ಲೋಕ ಇಡೀ ಚೌಕಗಳಲ್ಲಿ ಕಟ್ಟಿದ್ದು, ಲಾರಾಳ ಹೆಜ್ಜೆ, ಜಿಗಿತ ಎಲ್ಲ ಆ ಚೌಕಗಳ ಲೆಕ್ಕಕ್ಕೆ ಕೂರುತ್ತಿದ್ದವು. ನಿಂತು ಹಾರಿದರೆ ಎಷ್ಟು, ಓಡಿ ಹಾರಿದರೆ ಎಷ್ಟು ಎಂದು ಆಟಗಾರ ಕಣ್ಣಳತೆಯಲ್ಲೇ ಹೇಳಬಲ್ಲವನಾಗುತ್ತಿದ್ದ. ಪೋಸ್ಟರ್ ನೋಡಿದವರಿಗೆ ಅವಳು ಬೊಂಬೆ. ಗುಹೆಯೊಳಗೆ ಅವಳ ಜೊತೆ ಹೆಜ್ಜೆ ಎಣಿಸಿದವರಿಗೆ ನಂಬಿಕಸ್ಥ ಜೊತೆಗಾತಿ. ಇಬ್ಬರೂ ಒಬ್ಬಳ ಬಗ್ಗೆಯೇ ಮಾತಾಡುತ್ತಿದ್ದರು ಅನ್ನುವುದು ನನಗೆ ಅನುಮಾನ.

ಸೇಮಸ್ ಅರಾನ್ ಇದಕ್ಕೂ ಹಳಬಳು. 1986ರ ಮೆಟ್ರಾಯ್ಡ್‌ನಲ್ಲಿ ಆಟಪೂರ್ತಿ ಕವಚದೊಳಗೇ ಇರುತ್ತಾಳೆ, ಇಂಗ್ಲಿಷ್ ಕೈಪಿಡಿಯಲ್ಲಂತೂ ಗಂಡಸು ಎಂದೇ ಬರೆದಿದ್ದರು. ಬೇಗ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಒಳಗಿದ್ದದ್ದು ಹೆಣ್ಣು ಎಂದು ಕಾಣುತ್ತಿತ್ತು. ಕೊನೆಯ ಆ ಚಿತ್ರವನ್ನು ಬಹುಮಾನದಂತೆ ಕೊಟ್ಟ ರೀತಿ ನನಗೇನೂ ಇಷ್ಟವಿಲ್ಲ. ಆದರೂ ಒಂದನ್ನು ಒಪ್ಪಬೇಕು: ಅಷ್ಟು ಹೊತ್ತಿಗೆ ಆಕೆ ಕೈಗೆ ಒಗ್ಗಿಹೋಗಿರುತ್ತಾಳೆ, 'ಹೆಣ್ಣು ಪಾತ್ರ ಆಡಲ್ಲ' ಎಂದು ತಕರಾರು ತೆಗೆಯಲು ತಡವಾಗಿರುತ್ತದೆ.

ನಮ್ಮಾಕೆಗೆ ಕವಚವಿಲ್ಲ, ಮಳೆಕೋಟು ಇದೆ. ಚಿತ್ರ ಬರೆಯುವ ಗೆಳತಿ ಮೊದಲು ಪೂರ್ತಿ ಕಪ್ಪು ತುಂಬಿದ ನೆರಳುಗಳನ್ನಷ್ಟೇ ಹಾಕಿದಳು. ಹೆಬ್ಬೆರಳಿನಷ್ಟು ಚಿಕ್ಕದು ಮಾಡಿದಾಗಲೂ ಯಾರೆಂದು ತಿಳಿಯಬೇಕು ಎಂಬುದು ಅವಳ ಪಟ್ಟು. ಕಂದೀಲು ಹಿಡಿದ ಕೈ, ಗಾಳಿಗೆ ಹಾರುವ ಕೋಟಿನ ಅಂಚು, ತುಸು ಬಾಗಿದ ಭುಜ, ಈ ಮೂರರಲ್ಲೇ ಆಕೆ ಸಿಕ್ಕಿಬಿಟ್ಟಳು. ಆಮೇಲೆ ಆ ಕೋಟು ನನ್ನ ಪ್ರಾಣ ತಿಂದಿತು. ಬಟ್ಟೆ ಹೇಗೆ ಅಲುಗುತ್ತದೆ ಎಂದು ಯಂತ್ರವೇ ಲೆಕ್ಕ ಹಾಕುವ ಸಿಮ್ಯುಲೇಷನ್ ಇಟ್ಟರೆ ಮೆಟ್ಟಿಲು ಹತ್ತುವಾಗ ಮಂಡಿ ಕೋಟನ್ನು ತೂರಿ ಹೊರಬರುತ್ತಿತ್ತು, ಹಳೆಯ ಯಂತ್ರಗಳಲ್ಲಿ ಫ್ರೇಮ್ ಕುಸಿಯುತ್ತಿತ್ತು. ಕಡೆಗೆ ಕೋಟಿನ ಅಂಚಿಗೆ ಆನಿಮೇಷನ್‌ನ 'ಮೂಳೆ'ಗಳ (ರೂಪವನ್ನು ಒಳಗಿನಿಂದ ಅಲುಗಿಸುವ ಕೀಲುಗಳ) ಸರಪಳಿ ಕಟ್ಟಿ, ತೊಡೆಗಳಿಗೆ ಚಿಕ್ಕ ಚಿಕ್ಕ ಕ್ಯಾಪ್ಸೂಲ್ ತಡೆ ಇಟ್ಟು ಸುಧಾರಿಸಿದೆ. ಕೂದಲನ್ನು ಬಿಗಿದು ಸ್ಕಾರ್ಫಿನೊಳಗೆ ಸೇರಿಸಿದ್ದು ಪಾತ್ರದ ಸರಳತೆ ತೋರಿಸಲು ಎಂದು ಒಬ್ಬ ವಿಮರ್ಶಕರು ಬರೆದರು. ನಿಜ ಹೇಳಬೇಕೆಂದರೆ ಹಾರುವ ಕೂದಲು ನಮ್ಮ ಕೈಗೆಟುಕುವ ಕೆಲಸವಲ್ಲ. ಲಾರಾಳ ಜಡೆ ಕೂಡ ಮೊದಲ ಆಟದಲ್ಲಿ ಆಡುವಾಗ ಕಾಣುತ್ತಿರಲಿಲ್ಲ, ಎರಡನೆಯದರಲ್ಲಿ ಬಂತು. ಆ ಕೂದಲು ಎಳೆ ಎಳೆಯಾಗಿ ಗಾಳಿಗೆ ಅಲುಗಾಡಲು 2013ರವರೆಗೆ ಕಾಯಬೇಕಾಯಿತು.

ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಂದೀಲಿನ ಎತ್ತರಕ್ಕೆ, ಭುಜದ ಹಿಂದೆ. ಆಕೆ ನೋಡುವುದನ್ನು ನಾವೂ ನೋಡಬೇಕು, ಆಕೆಯನ್ನೇ ನೋಡುತ್ತಾ ನಿಲ್ಲಬಾರದು.

ಧ್ವನಿಯಲ್ಲಿ ಉಳಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಜಾಸ್ತಿ. ಹಾರುವಾಗ, ಬೀಳುವಾಗ, ಎಳೆಯುವಾಗ ಬರುವ ಉಸಿರಿನ ಸದ್ದುಗಳನ್ನು ಕಲಾವಿದೆ ರಾಶಿ ರಾಶಿ ಕೊಟ್ಟರು. ಪ್ರತಿ ಜಿಗಿತಕ್ಕೂ ಹಾಕಿ ನೋಡಿದರೆ ಸ್ವಲ್ಪ ಹೊತ್ತಿಗೇ ತಲೆನೋವು. ಉದ್ದದ ಜಿಗಿತಕ್ಕೆ ಮಾತ್ರ ಉಳಿಸಿಕೊಂಡೆ, ಅದೂ ಒಮ್ಮೊಮ್ಮೆ. ಒಗಟು ಬಿಡಿಸುವಾಗ ಆಕೆ ತನಗೆ ತಾನೇ ಹೇಳಿಕೊಳ್ಳುವ ಸುಳಿವುಗಳನ್ನು ಪೂರ್ತಿ ಕಿತ್ತೆವು. ದೊಡ್ಡ ತಂಡಗಳಿಗೂ ಈ ತಾಪತ್ರಯ ಇದೆ. 2022ರ ಹೊರೈಜನ್ ಫರ್ಬಿಡನ್ ವೆಸ್ಟ್‌ನಲ್ಲಿ ನಾಯಕಿ ಆಲೋಯ್ ವಿಪರೀತ ಮಾತಾಡುತ್ತಾಳೆ ಎಂದು ಆಟಗಾರರು ಗೊಣಗಿ, ಸಾಮಾನು ಸಂಗ್ರಹಕ್ಕೆ ಹೋಯಿತು ಎಂದು ಅವಳು ಪದೇ ಪದೇ ಹೇಳುವುದನ್ನು ಆಮೇಲೆ ಬಂದ ಒಂದು ತಿದ್ದುಪಡಿಯಲ್ಲಿ (ಪ್ಯಾಚ್) ಕಡಿಮೆ ಮಾಡಬೇಕಾಯಿತು.

ಈಗ ಜನ ಆಕೆಯನ್ನು ಹೇಗೆ ಸ್ವೀಕರಿಸಿದರು ಎಂಬುದು. ಶುರುವಿನ ಪರೀಕ್ಷೆಗಳಲ್ಲೇ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಬೂದು ಕ್ಯಾಪ್ಸೂಲ್ ಆಡಿಸಿದವರು 'ಚುರುಕಾಗಿದೆ' ಎಂದರು. ಅದೇ ವೇಗ, ಅದೇ ಜಿಗಿತ, ಒಂದು ಸಂಖ್ಯೆಯೂ ಬದಲಾಗಿಲ್ಲ, ಮೇಲೆ ಆಕೆಯ ರೂಪ ಹೊದಿಸಿ ಬೇರೆಯವರಿಗೆ ಕೊಟ್ಟರೆ 'ನಿಧಾನ' ಎಂದರು. ನರೆತ ಹುಬ್ಬು ಕಂಡ ಕಣ್ಣು ಬೆರಳಿಗೆ ಸುಳ್ಳು ಹೇಳುತ್ತಿತ್ತು. ವೇಗ ಹೆಚ್ಚಿಸಿದರೆ ಲೆವೆಲ್‌ಗಳ ಅಳತೆಯೆಲ್ಲ ಕೆಡುತ್ತದೆ. ಅದಕ್ಕೆ ಓಟದ ಹೆಜ್ಜೆಗಳನ್ನು ಗಿಡ್ಡ ಮಾಡಿ ಕಾಲು ಬೇಗ ಬೇಗ ಬೀಳುವಂತೆ ಮಾಡಿದೆ, ಹೆಜ್ಜೆಯ ಸದ್ದು ಮೊನಚು ಮಾಡಿದೆ, ಕಂದೀಲು ತೂಗಾಡುವುದನ್ನು ಹೆಚ್ಚಿಸಿದೆ. ಆಕೆ ಸೆಕೆಂಡಿಗೆ ಕ್ರಮಿಸುವ ದೂರ ಇದ್ದಷ್ಟೇ ಇತ್ತು. 'ನಿಧಾನ' ಎಂಬ ಮಾತು ಮಾತ್ರ ಹೆಚ್ಚುಕಡಿಮೆ ನಿಂತೇಹೋಯಿತು. ಜೊತೆಗೆ ಇನ್ನೊಂದು: 'ಮುಖದಲ್ಲಿ ಕಳೆ ಇಲ್ಲ' ಎನ್ನುತ್ತಿದ್ದವರೂ ಕಡಿಮೆಯಾದರು. ಮುಖವನ್ನು ನಾವು ಮುಟ್ಟಿಯೇ ಇರಲಿಲ್ಲ.

ಅಲ್ಲಿಂದಾಚೆಗೆ ನಾಯಕಿಯ ಬಗ್ಗೆ ಬರುವ ದೂರುಗಳನ್ನು ನಾನು ಓದುವ ರೀತಿಯೇ ಬೇರೆಯಾಯಿತು. ಆಡಿದವರು ಮುಖವನ್ನು ದೂರಿದರೆ ಮೊದಲು ಕಾಲು ನೋಡುತ್ತೇನೆ. ಆಡದೆ ದೂರಿದರೆ ಅದು ನನ್ನ ಕೆಲಸದ ಮೇಜಿಗೆ ಬರುವ ಕಾಗದವಲ್ಲ. ಟ್ರೇಲರ್ ಬಂದ ದಿನ 'ಅಜ್ಜಿಯನ್ನು ಯಾರು ಆಡ್ತಾರೆ' ಎಂಬ ಕುಹಕ ಧಾರಾಳ ಇತ್ತು. ಪ್ರಕಾಶಕರೊಬ್ಬರು ಅದಕ್ಕೂ ಮೊದಲೇ ಆಕೆಗೆ ಇಪ್ಪತ್ತೈದು ವರ್ಷ ಮಾಡಿಕೊಡಿ, ಮಾತಾಡೋಣ ಎಂದಿದ್ದರು. ಮಾತು ಅಲ್ಲಿಗೇ ನಿಂತಿತು. ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪ್ರತಿ ವಿಮರ್ಶೆಯ ಪಕ್ಕ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಎಂದು ಕಾಣುತ್ತದೆ. ನನ್ನಂಥವರಿಗೆ ಅದಕ್ಕಿಂತ ಉಪಯೋಗದ ಅಂಕಿ ಇನ್ನೊಂದಿಲ್ಲ. ಹಾಗಂತ ಕುಹಕ ಎಲ್ಲರಿಗೂ ಇಷ್ಟು ಹಗುರಾಗಿ ಬೀಳುವುದಿಲ್ಲ ಎಂಬುದು ಗೊತ್ತಿದೆ. 2020ರಲ್ಲಿ ದಿ ಲಾಸ್ಟ್ ಆಫ್ ಅಸ್‌ನ ಎರಡನೇ ಭಾಗ ಬಂದಾಗ ಅಬಿ ಪಾತ್ರಕ್ಕೆ ಧ್ವನಿ ಕೊಟ್ಟ ಲಾರಾ ಬೇಲಿಗೆ ಕೊಲೆ ಬೆದರಿಕೆಗಳೇ ಬಂದವು. ಅದನ್ನು ಅಭಿಪ್ರಾಯ ಎಂದು ಯಾವ ಬಾಯಲ್ಲಿ ಕರೆಯುವುದು?

ಆಡಿದವರು ಹೇಳಿದ್ದರಲ್ಲಿ ನಾನು ಊಹಿಸದೇ ಇದ್ದದ್ದು ಬಹಳ. ಬಟನ್ ಅದುಮಿ ಹಿಡಿಯಲು ಬೆರಳು ಸೋಲುತ್ತದೆ ಎಂದು ಒಬ್ಬರು ಬರೆದ ಮೇಲೆ, ಕಂದೀಲು ಎತ್ತಿ ಹಿಡಿಯಲು ಒಮ್ಮೆ ಒತ್ತಿದರೆ ಸಾಕು ಎಂಬ ಆಯ್ಕೆ ಸೇರಿಸಿದೆವು. ಈಗ ಬಹುಪಾಲು ಜನ ಅದನ್ನೇ ಬಳಸುತ್ತಾರೆ. ಅಭಿಮಾನಿಗಳು ಬರೆದ ಚಿತ್ರಗಳಲ್ಲಿ ಆಕೆ ಒಮ್ಮೊಮ್ಮೆ ಹದಿಹರೆಯದವಳು, ಒಮ್ಮೊಮ್ಮೆ ಎಂಬತ್ತರ ಮುದುಕಿ. ಕಂದೀಲು ಮಾತ್ರ ಯಾರ ಚಿತ್ರದಲ್ಲೂ ತಪ್ಪಿಲ್ಲ. ಆಟವನ್ನು ಆದಷ್ಟು ಬೇಗ ಮುಗಿಸುವ ಪಂದ್ಯ, ಸ್ಪೀಡ್‌ರನ್ ಮಾಡುವ ಹುಡುಗರಂತೂ ನೆಲ ಮುಟ್ಟುವ ಫ್ರೇಮಿನಲ್ಲೇ ಕಂದೀಲು ಇಳಿಸಿದರೆ ಏಳುವ ಆನಿಮೇಷನ್ ಪೂರ್ತಿ ತಪ್ಪಿಹೋಗುತ್ತದೆ ಎಂದು ಪತ್ತೆ ಮಾಡಿ, ಆಕೆಯನ್ನು ಬಂಡೆಗಳ ಮೇಲೆ ಚೆಂಡಿನಂತೆ ಪುಟಿಸುತ್ತಾರೆ. ಅದು ಬಗ್ ಎಂದು ತಂಡದಲ್ಲಿ ಒಬ್ಬರು ಸರಿಪಡಿಸಲು ಹೊರಟಿದ್ದರು. ನಾನು ಬೇಡವೆಂದೆ. ಆಕೆಯನ್ನು ಅಷ್ಟು ಕರಗತ ಮಾಡಿಕೊಂಡವರಿಗೆ ಐವತ್ತು ದಾಟಿದ ಮೈ ಹಾಗೆ ಹಾರುವ ಹಕ್ಕಿದೆ.

ಇತ್ತೀಚೆಗೆ ಹೆಚ್ಚಾಗಿ ಬರುವ ಕೋರಿಕೆ ಒಂದೇ: ಆಕೆಯ ಯೌವನದ ರೂಪವನ್ನು ಬೇರೆ ಸ್ಕಿನ್ (ಪಾತ್ರಕ್ಕೆ ಹೊದಿಸುವ ಹೊರರೂಪ) ಆಗಿ ಕೊಡಿ, ದುಡ್ಡು ಕೊಡುತ್ತೇವೆ ಎಂದು. ಹಣದ ಅಗತ್ಯ ನಮಗೂ ಇದೆ, ತಂಡದಲ್ಲಿ ಈ ಬಗ್ಗೆ ಒಮ್ಮತವೂ ಇಲ್ಲ. ಆದರೆ ಆ ರೂಪ ಹೊದಿಸಿದ ಮರುದಿನವೇ ಓಟ ವೇಗವಾಗಿದೆ ಎಂದು ಬರೆಯುತ್ತಾರೆ, ಇಳಿಯುವಾಗ ಯಾಕೆ ಕುಸಿಯುತ್ತಾಳೆ ಎಂದು ಕೇಳುತ್ತಾರೆ. ನಾನು ಇಡೀ ಚಲನೆಯನ್ನು ಮತ್ತೆ ಮಾಡಬೇಕಾಗುತ್ತದೆ. ಸದ್ಯಕ್ಕೆ ಮಳೆಕೋಟಿನ ಬಣ್ಣ ಬದಲಿಸುವ ಆಯ್ಕೆ ಕೊಟ್ಟಿದ್ದೇವೆ.