ಅಧ್ಯಕ್ಷರ ಕುರ್ಚಿಯಲ್ಲಿ ಧೈರ್ಯವಾಗಿ, ನೆಮ್ಮದಿಯಾಗಿ: ಪಂಚಾಯಿತಿ ಗೆದ್ದ ಹೆಣ್ಣುಮಕ್ಕಳಿಗೆ ಹಂತ ಹಂತದ ದಾರಿ

ಕರ್ನಾಟಕದಲ್ಲಿ ಸುಮಾರು 6000 ಗ್ರಾಮ ಪಂಚಾಯಿತಿಗಳಿವೆ. ಅವುಗಳಲ್ಲಿ ಅರ್ಧದಷ್ಟು ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಈ ದಾರಿ ತೆರೆದದ್ದು ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿ (ಆಗ ಕೆಲವು ಹಳ್ಳಿಗಳಿಗೆ ಸೇರಿ ಇದ್ದ ಪಂಚಾಯಿತಿ) ಚುನಾವಣೆ ನಡೆದಾಗ ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಸಿಕ್ಕಿತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆಮೇಲೆ, 1993ರಲ್ಲಿ. ನಮ್ಮಲ್ಲಿ ಮೀಸಲಾತಿ 2010ರಲ್ಲಿ ಶೇ 50ಕ್ಕೆ ಏರಿತು.

ಗೆಲ್ಲುವುದಕ್ಕೆ ಕಾನೂನು ಸಹಾಯ ಮಾಡಿತು. ಗೆದ್ದ ಮೇಲಿನ ದಿನಗಳ ಬಗ್ಗೆ ಮಾತ್ರ ಹೇಳಿಕೊಡುವವರು ಕಡಿಮೆ. ಹಾರ ಹಾಕಿದವರೆಲ್ಲ ಮನೆಗೆ ಹೋದ ಮೇಲೆ ಎದುರಿಗೆ ಫೈಲು, ನೀರಿನ ದೂರು, ಬಿಲ್ಲು, ಸಭೆ, ಜಗಳ ಎಲ್ಲಾ ಒಟ್ಟಿಗೆ ಬಂದು ನಿಲ್ಲುತ್ತವೆ. 'ನನ್ನಿಂದ ಆಗುತ್ತಾ?' ಅನ್ನುವ ಪ್ರಶ್ನೆ ಶುರುವಾಗುವುದು ಆಗಲೇ. ಧೈರ್ಯ ತಾನಾಗಿ ಬರಲಿ ಅಂತ ಕಾಯುತ್ತಾ ಕೂರಬೇಡಿ. ಕೆಲಸ ಗೊತ್ತಾದಷ್ಟೂ ಅದು ಬರುತ್ತದೆ. ನಾನು ಕೆಳಗೆ ಹೇಳುವುದೆಲ್ಲ ಆ ಕೆಲಸದ ಮಾತೇ.

ಮೊದಲು ಡಾಂಗಲ್, ಆಮೇಲೆ ಸನ್ಮಾನ

ಪಂಚಾಯಿತಿಯ ಹಣ ಖರ್ಚಾಗಬೇಕಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರ ಒಪ್ಪಿಗೆಯೂ ಬೇಕು. ಮೊದಲೆಲ್ಲ ಚೆಕ್ ಮೇಲೆ ಇಬ್ಬರ ಸಹಿ ಇರುತ್ತಿತ್ತು. ಈಗ ಹೆಚ್ಚಿನ ಪಾವತಿ ಆನ್‌ಲೈನ್. ಅದಕ್ಕಾಗಿ ನಿಮ್ಮ ಹೆಸರಲ್ಲಿ ಡಿಜಿಟಲ್ ಸಹಿಯ ಡಾಂಗಲ್ ಮಾಡಿಸುತ್ತಾರೆ. ನೋಡಲಿಕ್ಕೆ ಪೆನ್‌ಡ್ರೈವ್ ಥರಾ ಇರುತ್ತದೆ. ಅದರ ಜೊತೆ ಒಂದು ಪಾಸ್‌ವರ್ಡ್.

ತುಂಬಾ ಕಡೆ ಈ ಡಾಂಗಲ್ ಕಂಪ್ಯೂಟರ್ ಆಪರೇಟರ್ ಡ್ರಾಯರ್‌ನಲ್ಲಿ ಇರುತ್ತದೆ, ಇಲ್ಲವೇ ಗಂಡನ ಜೇಬಿನಲ್ಲಿ. 'ಮೇಡಂ, ನಿಮಗ್ಯಾಕೆ ತೊಂದರೆ, ನಾವೇ ಒತ್ತುತ್ತೀವಿ' ಅನ್ನುವ ಮಾತು ಕೇಳಲು ಹಿತವಾಗಿರುತ್ತದೆ. ದಯವಿಟ್ಟು ಒಪ್ಪಬೇಡಿ. ನಾಳೆ ತನಿಖೆ ಬಂದರೆ ಕಾಗದದ ಮೇಲೆ ಇರುವುದು ನಿಮ್ಮ ಹೆಸರು. ಹಣ ದುರುಪಯೋಗ ಸಾಬೀತಾದರೆ ಸದಸ್ಯತ್ವವೇ ಹೋಗಬಹುದು. ರಾತ್ರಿ ನಿದ್ದೆ ಕೆಡಿಸುವ ಚಿಂತೆಗಳಲ್ಲಿ ಇದು ದೊಡ್ಡದು. ಇದನ್ನು ಮೊದಲ ವಾರದಲ್ಲೇ ಕಳೆದುಕೊಳ್ಳಬಹುದು.

ಹೀಗೆ ಮಾಡಿ. ಡಾಂಗಲ್ ಅನ್ನು ನಿಮ್ಮ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಪಾಸ್‌ವರ್ಡ್ ನೀವೇ ಬದಲಾಯಿಸಿ, ಯಾರಿಗೂ ಹೇಳಬೇಡಿ. ಬಿಲ್ ಬಂದಾಗ ನಾಲ್ಕು ವಿಷಯ ಕೇಳಿ. ಈ ಕೆಲಸ ಕ್ರಿಯಾ ಯೋಜನೆಯಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇದೆಯಾ? ಸಭೆಯಲ್ಲಿ ಒಪ್ಪಿಗೆ ಆಗಿದೆಯಾ? ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದಿದ್ದಾರಾ? ಕೆಲಸದ ಫೋಟೊ ಎಲ್ಲಿದೆ? ನಾಲ್ಕಕ್ಕೂ ಉತ್ತರ ಸಿಕ್ಕರೆ ಒತ್ತಿ. ಸಿಗದಿದ್ದರೆ, 'ನಾಳೆ ಜಾಗ ನೋಡಿಕೊಂಡು ಬಂದು ಮಾಡ್ತೀನಿ' ಅಂತ ಹೇಳಿ. ಗುತ್ತಿಗೆದಾರ ಬಾಗಿಲಲ್ಲಿ ನಿಂತು ಅವಸರ ಮಾಡಿದರೂ ಅಷ್ಟೇ.

ಪುಸ್ತಕಗಳ ಪರಿಚಯ ಮಾಡಿಕೊಳ್ಳಿ

ಒಂದೇ ದಿನ ಎಲ್ಲಾ ಕಲಿಯಬೇಕು ಅಂತ ಹೊರಟರೆ ತಲೆ ಕೆಡುತ್ತದೆ. ದಿನಕ್ಕೊಂದು ಪುಸ್ತಕ ಸಾಕು. ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ನಡವಳಿ ಪುಸ್ತಕ (ಸಭೆಯ ತೀರ್ಮಾನ ಬರೆಯುವ ಪುಸ್ತಕ), ಕ್ರಿಯಾ ಯೋಜನೆ, ತೆರಿಗೆ ಬಾಕಿಯ ಪಟ್ಟಿ. ಪಿಡಿಒ ಹತ್ತಿರ ಕೂತು, 'ಇದರಲ್ಲಿ ಏನಿದೆ, ನನಗೆ ತೋರಿಸಿ' ಅಂತ ಕೇಳಿ. ದಾಖಲೆ ನೋಡುವ ಅಧಿಕಾರ ಅಧ್ಯಕ್ಷರಿಗೆ ಕಾಯ್ದೆಯಲ್ಲೇ ಇದೆ. ಕೇಳುವುದಕ್ಕೆ ಸಂಕೋಚ ಬೇಡ.

ಓದು ಕಡಿಮೆ ಇದ್ದರೂ ಹೆದರಬೇಡಿ. ಯಾರಾದರೂ ಓದಿ ಹೇಳಿದರೆ ಲೆಕ್ಕ ಹಿಡಿಯುವುದು ನಿಮಗೆ ಕಷ್ಟವಾಗುವುದಿಲ್ಲ. ಸ್ವಸಹಾಯ ಸಂಘದಲ್ಲಿ ಉಳಿತಾಯ, ಸಾಲ, ಬಡ್ಡಿ ನಿಭಾಯಿಸಿದವರಿಗೆ ಪಂಚಾಯಿತಿಯ ಜಮಾ-ಖರ್ಚು ಹೊಸ ಲೋಕ ಅಲ್ಲ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಇದೆ. ಚುನಾಯಿತ ಸದಸ್ಯರಿಗೆ ಅದರ ಮೂಲಕವೇ ತರಬೇತಿ ಕೊಡುತ್ತಾರೆ. ಕರೆ ಬಂದರೆ ತಪ್ಪಿಸಬೇಡಿ. ನಿಮ್ಮ ಬದಲು ಮನೆಯವರನ್ನು ಕಳಿಸಲೂ ಬೇಡಿ. ಪಾಠಕ್ಕಿಂತ ದೊಡ್ಡ ಲಾಭ ಅಲ್ಲಿ ಸಿಗುವ ಬೇರೆ ಊರಿನ ಅಧ್ಯಕ್ಷೆಯರು. ಅವರ ನಂಬರ್ ಬರೆದುಕೊಂಡು ಬನ್ನಿ.

'ನಿಮ್ಮ ಯಜಮಾನ್ರು ಎಲ್ಲಿ?'

ಈ ಪ್ರಶ್ನೆ ನಿಮಗೆ ಬಂದೇ ಬರುತ್ತದೆ. ಕಚೇರಿಯಲ್ಲಿ, ತಾಲ್ಲೂಕು ಪಂಚಾಯಿತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಸಿಟ್ಟಾಗಬೇಕಿಲ್ಲ. 'ಅಧ್ಯಕ್ಷರು ನಾನೇ ಅಣ್ಣಾ, ಏನಾಗಬೇಕು ಹೇಳಿ' ಅನ್ನಿ. ಪ್ರತಿ ಸಲವೂ ಅದೇ ಮಾತು, ಅದೇ ದನಿ. ಕೆಲವು ತಿಂಗಳಲ್ಲಿ ಜನಕ್ಕೆ ರೂಢಿ ಆಗುತ್ತದೆ.

ಹೆಂಡತಿಯ ಹೆಸರಿನಲ್ಲಿ ಗಂಡ ಅಧಿಕಾರ ನಡೆಸುವ ಈ ಚಾಳಿ ದೇಶದ ತುಂಬಾ ಇದೆ. ಸುಪ್ರೀಂ ಕೋರ್ಟ್ 2023ರಲ್ಲಿ ಈ ವಿಷಯವನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಮುಂದೆ ಇಡಲು ಹೇಳಿತು. ಸಚಿವಾಲಯ ಸಮಿತಿ ಮಾಡಿತು. ಇಂಥ ಬದಲಿ ಆಡಳಿತಕ್ಕೆ ಕಠಿಣ ದಂಡನೆ ಇರಬೇಕು ಅಂತ ಆ ಸಮಿತಿ ಶಿಫಾರಸು ಮಾಡಿದೆ. ದಂಡನೆ ಯಾವಾಗ ಬರುತ್ತದೋ ಬರಲಿ, ಮನೆಯೊಳಗಿನ ಮಾತುಕತೆ ಮಾತ್ರ ನೀವೇ ಮಾಡಬೇಕು.

ಆ ಮಾತನ್ನು ಜಗಳದ ಹೊತ್ತಲ್ಲಿ ಆಡಬೇಡಿ. ಊಟ ಆದ ಮೇಲೆ, ಮನಸ್ಸು ಸಮಾಧಾನ ಇದ್ದಾಗ ಆಡಿ. 'ತಾಲ್ಲೂಕಿಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ, ನನಗೆ ಅನುಕೂಲ. ಆದರೆ ಸಭೆಯೊಳಗೆ ನೀವು ಬರೋದು ಬೇಡ, ಫೋನು ನಾನೇ ಎತ್ತುತ್ತೀನಿ. ನಾಳೆ ಏನಾದರೂ ಆದರೆ ಉತ್ತರ ಕೊಡಬೇಕಾದವಳು ನಾನು' ಅಂತ ಸ್ಪಷ್ಟವಾಗಿ ಹೇಳಿ. ಎಷ್ಟೋ ಗಂಡಸರಿಗೆ ಈ ಕಾನೂನಿನ ಮಾತು ಅರ್ಥವಾಗುತ್ತದೆ. ಅತ್ತೆಗೋ ಅಮ್ಮನಿಗೋ ಸಭೆಯ ದಿನಗಳನ್ನು ಮೊದಲೇ ತಿಳಿಸಿ. ಅಡುಗೆ, ಮಕ್ಕಳು, ದನಕರು ಆ ದಿನ ಯಾರ ಪಾಲಿಗೆ ಅಂತ ಹಿಂದಿನ ದಿನವೇ ತೀರ್ಮಾನ ಆಗಲಿ. ಎರಡೂ ಕಡೆಯ ಕೆಲಸ ಒಬ್ಬಳೇ ಹೊತ್ತರೆ ಮೈ ಸೋಲುತ್ತದೆ. ಮೈ ಸೋತ ದಿನ ಸಭೆಯಲ್ಲಿ ದನಿಯೂ ಸೋಲುತ್ತದೆ.

ಮನೆಯಲ್ಲಿ ಮಾತಿಗೆ ಜಾಗವೇ ಇಲ್ಲ, ಹೊಡೆತ ಬೆದರಿಕೆ ಇದೆ ಅಂದರೆ ಅದು ಬೇರೆ ವಿಷಯ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ತಕ್ಷಣಕ್ಕೆ ಪೊಲೀಸ್ ಬೇಕಿದ್ದರೆ 112. ಅಧ್ಯಕ್ಷೆಯಾಗಿದ್ದೂ ಹೀಗೆ ಕೇಳುವುದು ನಾಚಿಕೆ ಅಂತ ತಡೆದುಕೊಂಡು ಕೂರಬೇಡಿ.

ಸಭೆ ನಡೆಸುವುದು

ಕುರ್ಚಿ ಎಲ್ಲಿದೆ ನೋಡಿ. ಅಧ್ಯಕ್ಷರ ಕುರ್ಚಿಯಲ್ಲೇ ಕೂರಿ, ಮೂಲೆಯಲ್ಲಿ ಬೇಡ. ಹಿರಿಯರು ಬಂದರೆ ಎದ್ದು ನಮಸ್ಕಾರ ಮಾಡಿ, ಮತ್ತೆ ಅದೇ ಕುರ್ಚಿಯಲ್ಲಿ ಕೂರಿ. ಗೌರವ ಕೊಡುವುದು ಬೇರೆ, ಜಾಗ ಬಿಟ್ಟುಕೊಡುವುದು ಬೇರೆ, ಅಲ್ವಾ?

ಸಭೆಯ ಹಿಂದಿನ ದಿನ ವಿಷಯಸೂಚಿ ಓದಿಸಿಕೊಳ್ಳಿ. ಪ್ರತಿ ವಿಷಯದ ಪಕ್ಕ ಒಂದು ಸಾಲು ಬರೆಯಿರಿ: ಇದರಲ್ಲಿ ನಾನು ಏನು ಕೇಳಬೇಕು? ಅಷ್ಟಿದ್ದರೆ ನಡುಕ ಅರ್ಧ ಕಡಿಮೆಯಾಗುತ್ತದೆ. ಬೇರೆ ಮಹಿಳಾ ಸದಸ್ಯರನ್ನು ಸಭೆಗೆ ಮುಂಚೆ ಅರ್ಧ ಗಂಟೆ ಸೇರಿಸಿ ಟೀ ಕುಡಿಯಿರಿ. ಯಾರು ಯಾವ ವಿಷಯ ಎತ್ತುತ್ತಾರೆ ಅಂತ ಮಾತಾಡಿಕೊಳ್ಳಿ. ಸದಸ್ಯರಲ್ಲೂ ಅರ್ಧದಷ್ಟು ಹೆಣ್ಣುಮಕ್ಕಳೇ ಇರುತ್ತಾರೆ. ಒಬ್ಬಳ ಮಾತನ್ನು ಇನ್ನೊಬ್ಬಳು, 'ಅಕ್ಕ ಹೇಳಿದ್ದು ಸರಿ, ಅದನ್ನು ಬರೆದುಕೊಳ್ಳಿ' ಅಂತ ಹಿಡಿದರೆ ಆ ಮಾತು ನಡವಳಿಗೆ ಬರುತ್ತದೆ.

ನಡುವೆ ಬಾಯಿ ಹಾಕುವವರು ಇರುತ್ತಾರೆ. 'ನಿಮ್ಮ ಸರದಿ ಬರುತ್ತೆ, ಮೊದಲು ಇವರದು ಮುಗಿಯಲಿ' ಅನ್ನಿ. ಕೂಗಾಟ ಜಾಸ್ತಿ ಆದರೆ ನೀವೂ ದನಿ ಏರಿಸಬೇಡಿ. ಪೆನ್ನು ಕೆಳಗಿಟ್ಟು ಸುಮ್ಮನೆ ಕೂರಿ. ಗಲಾಟೆ ನಿಂತ ಮೇಲೆ ಬಿಟ್ಟ ಜಾಗದಿಂದಲೇ ಶುರು ಮಾಡಿ. ಮುಖ್ಯವಾದದ್ದು ಕೊನೆಯಲ್ಲಿದೆ: ಆ ದಿನದ ನಡವಳಿ ಅದೇ ದಿನ ಬರೆಸಿ, ಓದಿಸಿ, ಆಮೇಲೆ ಸಹಿ ಮಾಡಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.

ದಲಿತ ಮತ್ತು ಆದಿವಾಸಿ ಅಧ್ಯಕ್ಷೆಯರಿಗೆ ಇದೆಲ್ಲಕ್ಕಿಂತ ಕಹಿಯಾದ ಅನುಭವ ಆಗುತ್ತದೆ. ಕುರ್ಚಿಯಲ್ಲಿ ಕೂರಲು ಬಿಡದೇ ಇರುವುದು, ಸಭೆಗೆ ಬೇಕಂತಲೇ ಯಾರೂ ಬಾರದೇ ಇರುವುದು, ಬೆದರಿಸುವುದು. ಪರಿಶಿಷ್ಟ ಜಾತಿ ಅಥವಾ ಪಂಗಡದ ಪಂಚಾಯಿತಿ ಅಧ್ಯಕ್ಷರನ್ನು, ಸದಸ್ಯರನ್ನು ಬೆದರಿಸಿ ಅಥವಾ ಅಡ್ಡಿ ಮಾಡಿ ಕೆಲಸ ಮಾಡದಂತೆ ತಡೆದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿಯಲ್ಲಿ ಇದನ್ನು ಸೇರಿಸಿದ್ದಾರೆ. ದಿನಾಂಕ, ಸಮಯ, ಅಲ್ಲಿದ್ದವರ ಹೆಸರು ಬರೆದಿಟ್ಟುಕೊಳ್ಳಿ. ದೂರು ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ. ಇದು ನೀವೊಬ್ಬರೇ ನುಂಗಿಕೊಳ್ಳಬೇಕಾದ ಅವಮಾನ ಅಲ್ಲ.

ಮೊದಲ ಆರು ತಿಂಗಳಿಗೆ ಒಂದೇ ಕೆಲಸ ಹಿಡಿಯಿರಿ

ಎಲ್ಲಾ ವಾರ್ಡಿಗೂ ಎಲ್ಲಾ ಮಾಡುತ್ತೀನಿ ಅಂತ ಮಾತು ಕೊಡಬೇಡಿ. ಜನರಿಗೆ ಕಣ್ಣಿಗೆ ಕಾಣುವ, ಮುಗಿಸಲು ಆಗುವ ಒಂದು ಕೆಲಸ ಆರಿಸಿ. ಕೆಟ್ಟ ಬೋರ್‌ವೆಲ್ ಪಂಪು, ಶಾಲೆಯ ಹೆಣ್ಣುಮಕ್ಕಳ ಶೌಚಾಲಯ, ಬೀದಿ ದೀಪ, ಕೂಸಿನ ಮನೆ (ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ), ಗ್ರಾಮ ಪಂಚಾಯಿತಿ ಗ್ರಂಥಾಲಯ. ಯಾವುದು ಅಂತ ಮಹಿಳಾ ಗ್ರಾಮ ಸಭೆಯಲ್ಲಿ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡಫ್ಲೊ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಹಿಳೆ ಮುಖ್ಯಸ್ಥೆಯಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ನೀರು ಹೊರುವವರಿಗೆ ನೀರಿನ ಕಷ್ಟ ಗೊತ್ತು.

ಟೀಕೆಯನ್ನು ಎರಡು ಭಾಗ ಮಾಡಿ

ನೆಮ್ಮದಿ ಹಾಳು ಮಾಡುವುದು ಕೆಲಸಕ್ಕಿಂತ ಹೆಚ್ಚಾಗಿ ಮಾತು. ಇಲ್ಲಿ ಇನ್ನೊಂದು ಅಧ್ಯಯನದ ವಿಷಯ ನಿಮಗೆ ಹೇಳಲೇಬೇಕು. ಪಶ್ಚಿಮ ಬಂಗಾಳದಲ್ಲೇ ನಡೆದದ್ದು, 2009ರಲ್ಲಿ ಪ್ರಕಟವಾದದ್ದು. ಊರಿಗೆ ಮೊದಲ ಬಾರಿ ಮಹಿಳೆ ಮುಖ್ಯಸ್ಥೆಯಾದಾಗ ಜನ ಅವಳಿಗೆ ಗಂಡಸಿಗಿಂತ ಕಡಿಮೆ ಅಂಕ ಕೊಟ್ಟರು. ಕೆಲಸ ಗಂಡಸಿನಷ್ಟೇ ಚೆನ್ನಾಗಿದ್ದರೂ ಕೊಟ್ಟದ್ದು ಕಡಿಮೆಯೇ. ಅದೇ ಊರಿಗೆ ಎರಡನೇ ಸಲ ಮಹಿಳೆ ಬಂದಾಗ ಆ ತಾರತಮ್ಯ ಹೋಗಿತ್ತು. ಅಂದರೆ ನಿಮ್ಮ ಮೇಲೆ ಬರುವ ಮಾತಿನಲ್ಲಿ ಒಂದು ಪಾಲು ನಿಮ್ಮ ಕೆಲಸಕ್ಕೆ ಸಂಬಂಧಿಸಿದ್ದೇ ಅಲ್ಲ. ಜನಕ್ಕೆ ಇನ್ನೂ ರೂಢಿ ಆಗಿಲ್ಲ, ಅಷ್ಟೇ.

ಹಾಗಾಗಿ ಬಂದ ಮಾತನ್ನೆಲ್ಲ ಒಂದೇ ಪುಸ್ತಕದಲ್ಲಿ ಬರೆಯಬೇಡಿ. 'ಮೂರನೇ ವಾರ್ಡಿಗೆ ನೀರು ಬಂದಿಲ್ಲ' ಅನ್ನುವುದು ದೂರು. ದಿನಾಂಕ ಹಾಕಿ ಬರೆಯಿರಿ, ನೀರುಗಂಟಿಗೆ ಹೇಳಿ, ಸರಿಯಾದ ಮೇಲೆ ಗೆರೆ ಎಳೆಯಿರಿ. 'ಹೆಂಗಸಿನ ಕೈಯಲ್ಲಿ ಊರು ಕೊಟ್ಟರೆ ಇಷ್ಟೇ' ಅನ್ನುವುದು ದೂರಲ್ಲ. ಅದಕ್ಕೆ ಪುಸ್ತಕದಲ್ಲಿ ಜಾಗ ಬೇಡ, ಮನಸ್ಸಿನಲ್ಲೂ ಬೇಡ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಟ್ಟದಾಗಿ ಬರೆದರೆ ರಾತ್ರಿಯೇ ಉತ್ತರ ಕೊಡಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬೆಳಿಗ್ಗೆ ನಂಬಿಕೆಯವರೊಬ್ಬರಿಗೆ ತೋರಿಸಿ, ಪೊಲೀಸ್ ದೂರು ಬೇಕಾ ಅಂತ ತೀರ್ಮಾನಿಸಿ. ಅವಿಶ್ವಾಸ ನಿರ್ಣಯದ ಸುದ್ದಿ ಎದ್ದರೂ ಅಷ್ಟೇ, ಗಾಬರಿ ಬೇಡ. ಅದು ಪಾಸಾಗಲು ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಮತ ಬೇಕು, ಸಭೆ ನಡೆಸುವವರು ಉಪವಿಭಾಗಾಧಿಕಾರಿ. ಬರೀ ಬಾಯಿಮಾತಿಗೆ ಕುರ್ಚಿ ಹೋಗುವುದಿಲ್ಲ.

ದಿನಕ್ಕೆ ಒಂದು ಗಡಿ

ಕಚೇರಿಯ ಗೋಡೆ ಮೇಲೆ ನೀರುಗಂಟಿ, ಬಿಲ್ ಕಲೆಕ್ಟರ್, ಪಿಡಿಒ ಅವರ ನಂಬರ್ ದೊಡ್ಡದಾಗಿ ಬರೆಸಿ. ಆಗ ನಲ್ಲಿಯ ದೂರೆಲ್ಲ ರಾತ್ರಿ ಹನ್ನೊಂದಕ್ಕೆ ನಿಮಗೇ ಬರುವುದು ಕಡಿಮೆಯಾಗುತ್ತದೆ. ಕಚೇರಿಯಲ್ಲಿ ನಿಮಗೆ ಬಳಸಲು ಯೋಗ್ಯವಾದ ಶೌಚಾಲಯ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅದನ್ನೇ ಮಾಡಿಸಿ. ನೀರು ಕುಡಿಯದೆ ದಿನವಿಡೀ ಸಭೆ ನಡೆಸುವುದು ತ್ಯಾಗ ಅಲ್ಲ, ಕಾಯಿಲೆಗೆ ದಾರಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬೇರೆ ಪಂಚಾಯಿತಿಯ ಇಬ್ಬರು ಮೂವರು ಅಧ್ಯಕ್ಷೆಯರಿಗೆ ವಾರಕ್ಕೊಮ್ಮೆ ಫೋನ್ ಮಾಡಿ. ನಿಮ್ಮ ಊರಲ್ಲಿ ಹೇಳಲಾಗದ್ದನ್ನು ಅವರ ಹತ್ತಿರ ಹೇಳಬಹುದು.

ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಸುಮ್ನೆ ಅಳು ಬರುತ್ತಿದ್ದರೆ, ಎದೆ ಡವಡವ ಅನ್ನುತ್ತಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಸರ್ಕಾರಿ ಸೇವೆ ಇದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಕ್ಕರೆ ಕಾಯಿಲೆಗೆ ಡಾಕ್ಟರ್ ಹತ್ತಿರ ಹೋಗುತ್ತೇವೆ, ಇದಕ್ಕೂ ಹೋಗಬೇಕು.

ಮೂವತ್ತು ತಿಂಗಳಾದ ಮೇಲೆ

ಈಗಿನ ನಿಯಮದಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು. ಮುಗಿಯುವ ಮುಂಚೆ ನೀವು ಮಾಡಿಸಿದ ಕೆಲಸಗಳ ಪಟ್ಟಿ, ಫೋಟೊ, ಮುಖ್ಯ ನಡವಳಿಗಳ ಪ್ರತಿ ಒಂದು ಫೈಲಿನಲ್ಲಿ ಹಾಕಿ ಮನೆಯಲ್ಲಿಡಿ. ಡಾಂಗಲ್ ರದ್ದಾಯಿತಾ ಅಂತ ಖಚಿತ ಮಾಡಿಕೊಳ್ಳಿ. ಹೊಸದಾಗಿ ಬರುವವರಿಗೆ ಪುಸ್ತಕಗಳನ್ನು ಪಟ್ಟಿ ಮಾಡಿ ಒಪ್ಪಿಸಿ, ಸಹಿ ಪಡೆಯಿರಿ.

ಮೀಸಲಾತಿ ಸರದಿಯಲ್ಲಿ ಬದಲಾಗುತ್ತದೆ. ಮುಂದಿನ ಸಲ ನಿಮ್ಮ ಕ್ಷೇತ್ರ ಸಾಮಾನ್ಯ ಆಗಬಹುದು. ಆಗ 'ಈ ಸಲ ಗಂಡಸರದು' ಅಂತ ಊರಲ್ಲಿ ಹೇಳುತ್ತಾರೆ, ಅದು ಸುಳ್ಳು. ಸಾಮಾನ್ಯ ಸ್ಥಾನಕ್ಕೆ ಹೆಣ್ಣುಮಕ್ಕಳೂ ನಾಮಪತ್ರ ಹಾಕಬಹುದು. ಆ ಫೈಲು ಹಿಡಿದು ಮನೆ ಮನೆಗೆ ಹೋಗಿ ವೋಟು ಕೇಳಿ.