ಬಸುರಿಯ ಮನಸ್ಸು ಕುಗ್ಗಿದಾಗ ಮನೆಯವರು ಮಾಡಬೇಕಾದದ್ದು

ಹೊಟ್ಟೆಯಲ್ಲಿ ಕೂಸಿರುವಾಗ ಅಳಬಾರದು, ಅತ್ತರೆ ಅದರ ಮಿದುಳಿಗೆ ಕೆಡುಕಾಗುತ್ತದೆ ಎಂಬ ಮಾತನ್ನು ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತಿಗೆ ಅಳು ನಿಲ್ಲುವುದಿಲ್ಲ. ಅದು ಬಚ್ಚಲುಮನೆಗೆ ಹೋಗಿ ಅವಿತುಕೊಳ್ಳುತ್ತದೆ, ಜೊತೆಗೆ ‘ನಾನೇ ಮಗುವನ್ನು ಹಾಳುಮಾಡುತ್ತಿದ್ದೇನೆ’ ಎಂಬ ಅಪರಾಧಭಾವವೂ ಸೇರಿಕೊಳ್ಳುತ್ತದೆ. ಹಾಗಾಗಿ ಈ ಬರಹವನ್ನು ಗರ್ಭಿಣಿಗಿಂತ ಹೆಚ್ಚಾಗಿ ಅವಳ ಗಂಡ, ಅತ್ತೆ, ತಾಯಿ, ಓರಗಿತ್ತಿಯರು ಓದಲಿ ಎಂಬುದು ನನ್ನ ಅಪೇಕ್ಷೆ.

ಮೊದಲು ಹೆದರಿಕೆಯನ್ನು ಅದರ ಅಳತೆಗೆ ತರಬೇಕು. ತಾಯಿಗೆ ಗಾಬರಿಯೋ ದುಃಖವೋ ಆದಾಗ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುವುದು ನಿಜ. ಆದರೆ ಮಾಸಿನಲ್ಲಿರುವ ಒಂದು ಕಿಣ್ವವು ಅದರ ಬಹುಭಾಗವನ್ನು ನಿಷ್ಕ್ರಿಯ ರೂಪಕ್ಕೆ ಬದಲಿಸಿ ಮಗುವನ್ನು ಕಾಯುತ್ತದೆ. ಒಂದು ಜಗಳದಿಂದ, ಒಂದು ರಾತ್ರಿಯ ಅಳುವಿನಿಂದ ಮಗುವಿನ ಮಿದುಳು ಕೆಡುವುದಿಲ್ಲ. ಚಿಂತೆ ಮಾಡಬೇಕಾದದ್ದು ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುವ ಖಿನ್ನತೆ ಮತ್ತು ಆತಂಕದ ಬಗ್ಗೆ. ಅವುಗಳಿಗೆ ಚಿಕಿತ್ಸೆ ಸಿಗದಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚು. ಮುಂದೆ ಮಗುವಿನ ಭಾವನೆ ಮತ್ತು ನಡವಳಿಕೆಯ ತೊಂದರೆಗಳಿಗೂ ಇವಕ್ಕೂ ನಂಟಿರುವುದನ್ನು ಅಧ್ಯಯನಗಳು ಗುರುತಿಸಿವೆ. ನಂಟಿದೆ ಎಂದ ಮಾತ್ರಕ್ಕೆ ಅದು ಹಣೆಬರಹವಾಗುವುದಿಲ್ಲ, ಏಕೆಂದರೆ ತಾಯಿಯ ಕಾಯಿಲೆ ವಾಸಿಮಾಡಬಹುದಾದದ್ದು. ಇನ್ನೊಂದು ದಾರಿಯಿಂದಲೂ ಪೆಟ್ಟು ಬೀಳುತ್ತದೆ: ಮನಸ್ಸು ಕುಗ್ಗಿದವಳು ಸರಿಯಾಗಿ ಉಣ್ಣುವುದಿಲ್ಲ, ಮಾತ್ರೆ ಮರೆಯುತ್ತಾಳೆ, ತಪಾಸಣೆಯನ್ನು ಮುಂದೂಡುತ್ತಾಳೆ.

ಅಭಿಮನ್ಯು ಗರ್ಭದಲ್ಲೇ ಚಕ್ರವ್ಯೂಹದ ಪಾಠ ಕೇಳಿದ, ಸುಭದ್ರೆ ನಿದ್ದೆಹೋದದ್ದರಿಂದ ಅರ್ಧಕ್ಕೇ ನಿಂತಿತು ಎಂಬ ಕಥೆಯನ್ನು ನಾವು ಬಸುರಿಯರ ಮುಂದೆ ಎಷ್ಟು ಸಲ ಹೇಳುತ್ತೇವೆ! ಸುಮಾರು 25ನೇ ವಾರದ ಹೊತ್ತಿಗೆ ಮಗು ಶಬ್ದಕ್ಕೆ ಸ್ಪಂದಿಸುತ್ತದೆ, ಹುಟ್ಟಿದ ಕೂಡಲೇ ತಾಯಿಯ ಧ್ವನಿಯನ್ನು ಗುರುತಿಸುತ್ತದೆ ಎಂಬುದು ನಿಜ. ಆದರೆ ಹೊಟ್ಟೆಯ ಮೇಲೆ ಹೆಡ್‌ಫೋನ್ ಇಟ್ಟು ಬುದ್ಧಿವಂತ ಮಗುವನ್ನು ಪಡೆಯಬಹುದೆಂಬುದಕ್ಕೆ ಆಧಾರವಿಲ್ಲ. ಪಾಪ, ನಿದ್ದೆ ಬಂದ ಸುಭದ್ರೆಗೆ ಅಂದು ಬೇಕಾಗಿದ್ದುದೂ ನಿದ್ದೆಯೇ ಇರಬೇಕು.

ಗುರುತಿಸುವುದು ಹೇಗೆ ಎಂಬುದು ಕಷ್ಟದ ಭಾಗ, ಏಕೆಂದರೆ ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು ಬಸುರಿನಲ್ಲೂ ಇರುತ್ತವೆ, ಖಿನ್ನತೆಯಲ್ಲೂ ಇರುತ್ತವೆ. ನಮ್ಮ ನೆಂಟರಲ್ಲಿ ಒಬ್ಬಳು ಏಳನೇ ತಿಂಗಳಿನಲ್ಲಿ ತವರಿಗೆ ಬಂದಿದ್ದಳು. ಬೆಳಗ್ಗೆ ಅವಳ ಮುಂದಿಟ್ಟ ಕಾಫಿ ಕೆನೆಗಟ್ಟಿ ಹತ್ತೂವರೆಯವರೆಗೂ ಹಾಗೆಯೇ ಇರುತ್ತಿತ್ತು, ಸೀಮಂತದ ಹಸಿರು ಬಳೆಗಳನ್ನು ಒಂದೊಂದೇ ತಿರುಗಿಸುತ್ತ ಕಿಟಕಿಯಾಚೆ ನೋಡುತ್ತಿದ್ದಳು, ಕೇಳಿದರೆ ‘ಏನಿಲ್ಲ ಅತ್ತೆ, ಸ್ವಲ್ಪ ಸುಸ್ತು’ ಎನ್ನುತ್ತಿದ್ದಳು. ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಲಗಲು ಸಮಯವಿದ್ದರೂ ನಿದ್ದೆ ಬಾರದಿರುವುದು, ತಾನು ಯಾವುದಕ್ಕೂ ಪ್ರಯೋಜನವಿಲ್ಲ ಎಂಬ ಮಾತು, ಮಗುವಿನ ಬಗ್ಗೆ ವಿನಾಕಾರಣ ಭಯ, ಇವು ಎರಡು ವಾರ ಬಿಡದೆ ಕಂಡರೆ ಸುಸ್ತೆಂದು ಕೈಬಿಡಬಾರದು. ಅದೇ ಸಮಯಕ್ಕೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಬೇಕು. ಎರಡೂ ಖಿನ್ನತೆಯಂತೆಯೇ ಕಾಣಬಲ್ಲವು, ಎರಡೂ ಮಗುವಿನ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದವು.

ಅನುಮಾನ ಬಂದಾಗ ಖಿನ್ನತೆಯ ಸುಳಿವು ಹಿಡಿಯಲು ಬಳಸುವ ಎಡಿನ್‌ಬರೋ ಪ್ರಶ್ನಾವಳಿಯನ್ನು ವೈದ್ಯರಲ್ಲಿ ಅಥವಾ ಆರೋಗ್ಯ ಕಾರ್ಯಕರ್ತೆಯಲ್ಲಿ ಕೇಳಿ ಪಡೆಯಬಹುದು. ಇದು ಮೊದಲು ಪ್ರಕಟವಾದದ್ದು 1987ರಲ್ಲಿ, ಈಗ ಕನ್ನಡ ರೂಪವೂ ಬಳಕೆಯಲ್ಲಿದೆ. ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ರಿಂದ 3ರವರೆಗೆ ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ವೈದ್ಯರು ವಿವರವಾಗಿ ಪರೀಕ್ಷಿಸುತ್ತಾರೆ. ಅಂಕ ಹೆಚ್ಚು ಬಂದ ಮಾತ್ರಕ್ಕೆ ಕಾಯಿಲೆ ಖಚಿತವಾಗುವುದಿಲ್ಲ. ಹತ್ತನೆಯ ಪ್ರಶ್ನೆ ತನಗೇ ಹಾನಿ ಮಾಡಿಕೊಳ್ಳುವ ಯೋಚನೆಗೆ ಸಂಬಂಧಿಸಿದ್ದು. ಅದಕ್ಕೆ ‘ಹೌದು’ ಎಂಬ ಅರ್ಥದ ಯಾವುದೇ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವಳನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪ್ರಶ್ನೆಗಳನ್ನು ಅವಳು ಒಬ್ಬಳೇ ಕುಳಿತು ತುಂಬುವಂತೆ ಬಿಡುವುದು ಮುಖ್ಯ. ಅತ್ತೆ ಪಕ್ಕದಲ್ಲಿ ನಿಂತಿದ್ದರೆ ಯಾವ ಸೊಸೆಯೂ ನಿಜ ಬರೆಯಲಾರಳು.

ವೈದ್ಯರನ್ನು ಕಾಣಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ, ಅಲ್ಲಿ ಬಿ.ಪಿ., ತೂಕದ ಜೊತೆಗೆ ಮನಸ್ಸಿನ ವಿಷಯವನ್ನೂ ಬಾಯಿಬಿಟ್ಟು ಹೇಳಬೇಕು, ಕೇಳದೆ ಅವರಾಗಿ ವಿಚಾರಿಸುವುದು ಕಡಿಮೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ; ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮೂಡಿಗೆರೆ, ಸಕಲೇಶಪುರದ ಒಳಭಾಗದ ತೋಟದ ಮನೆಗಳಲ್ಲಿ ಆಷಾಢದ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವುದು ಗೊತ್ತಿರುವ ಸಂಗತಿ. ಆದ್ದರಿಂದ ಸಿಗ್ನಲ್ ಸಿಗುವ ಜಾಗ, ರಾತ್ರಿ ಬರಬಲ್ಲ ಜೀಪಿನವರ ನಂಬರು, ಆಂಬ್ಯುಲೆನ್ಸಿನ 108 ಇವನ್ನು ಮಳೆಗಾಲಕ್ಕೆ ಮೊದಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು.

ಔಷಧದ ವಿಷಯದಲ್ಲಿ ಎರಡು ತಪ್ಪುಗಳು ಸಾಮಾನ್ಯ. ಬಸುರು ತಿಳಿದ ಕೂಡಲೇ ಮನೋರೋಗದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮೊದಲನೆಯದು. ಇದರಿಂದ ಕಾಯಿಲೆ ಮರುಕಳಿಸಬಹುದು. ಎಲ್ಲ ಮಾತ್ರೆಯೂ ಒಂದೇ ಎಂದು ಹಳೆಯ ಚೀಟಿಯಂತೆಯೇ ಮುಂದುವರಿಸುವುದು ಎರಡನೆಯದು. ಮೂರ್ಛೆರೋಗ ಮತ್ತು ಮನಸ್ಸಿನ ಏರಿಳಿತಕ್ಕೆ ಕೊಡುವ ವ್ಯಾಲ್ಪ್ರೊಯೇಟ್ ಮಗುವಿನ ಮಿದುಳು, ಬೆನ್ನುಹುರಿಗೆ ಗಂಭೀರ ಹಾನಿ ಮಾಡಬಲ್ಲದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನಾದರೆ ವೈದ್ಯರು ಬಸುರಿನಲ್ಲೂ ಮುಂದುವರಿಸುತ್ತಾರೆ. ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭಧಾರಣೆಯ ಸುಮಾರು 28 ದಿನಗಳೊಳಗೆ, ಎಷ್ಟೋ ಸಲ ಬಸುರು ಗೊತ್ತಾಗುವ ಮೊದಲೇ, ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮಗು ಬೇಕೆಂದು ನಿರ್ಧರಿಸಿದ ದಿನವೇ ವೈದ್ಯರನ್ನು ಕಂಡು ಮಾತ್ರೆಗಳ ಪಟ್ಟಿ ತೋರಿಸಬೇಕು, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನೂ ಆಗಲೇ ಆರಂಭಿಸಬೇಕು.

ಮನೆಯಲ್ಲಿ ಮಾಡಬೇಕಾದದ್ದು ದೊಡ್ಡದೇನಲ್ಲ. ಮಧ್ಯಾಹ್ನ ಒಂದು ಗಂಟೆ ಯಾರೂ ಕರೆಯದಂತೆ ಮಲಗಲು ಬಿಡುವುದು, ಬಿಸಿಲಿರುವಾಗ ಜೊತೆಗೆ ಅಂಗಳದಲ್ಲೋ ತೋಟದ ಹಾದಿಯಲ್ಲೋ ನಡೆಯುವುದು, ಗಂಡು ಮಗುವೇ ಬೇಕೆಂಬ ಮಾತನ್ನು ಮನೆಯೊಳಗೆ ಎತ್ತದಿರುವುದು. ಕಾಫಿಯ ಸೀಮೆಯಲ್ಲಿ ಕೂತು ಕಾಫಿ ಬಿಡಿ ಎನ್ನಲು ನನಗೆ ಧೈರ್ಯವಿಲ್ಲ. ಆದರೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟದಂತೆ ಎರಡು ಸಣ್ಣ ಲೋಟಕ್ಕೆ ನಿಲ್ಲಿಸುವುದು, ಸಂಜೆಯ ಲೋಟವನ್ನು ಬಿಡುವುದು ನಿದ್ದೆಗೂ ಆತಂಕಕ್ಕೂ ಹಿತ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೆ ದೇಹಕ್ಕೆ ಹತ್ತುವುದು ಕಡಿಮೆ, ನಡುವೆ ಒಂದೆರಡು ಗಂಟೆ ಬಿಟ್ಟು ನಿಂಬೆಹಣ್ಣಿನ ಪಾನಕದೊಂದಿಗೆ ಕೊಡಬಹುದು. ಅವಳು ಮಾತಾಡಲು ಶುರುಮಾಡಿದಾಗ ‘ನಮ್ಮ ಕಾಲದಲ್ಲಿ ಗದ್ದೆಗಿಳಿದು ನಾಟಿ ಮಾಡುತ್ತಿದ್ದೆವು’ ಎಂಬ ಕಥೆಯನ್ನು ತೆಗೆಯದೆ ಕೇಳಿಸಿಕೊಳ್ಳಬೇಕು. ಗಂಡ ಕುಡಿದು ಬಂದು ಹೊಡೆಯುವ ಮನೆಯಲ್ಲಿ ಈ ಯಾವ ಉಪಾಯವೂ ನಡೆಯುವುದಿಲ್ಲ. ಅಲ್ಲಿ ಮೊದಲು ಬೇಕಾದದ್ದು ಮಹಿಳಾ ಸಹಾಯವಾಣಿಯ 181, ತುರ್ತಿಗೆ 112.

ಹೆರಿಗೆಯಾಯಿತೆಂದು ಈ ನಿಗಾ ಮುಗಿಯಬಾರದು. ಬಾಣಂತನದಲ್ಲಿ ಎಲ್ಲರ ಕಣ್ಣೂ ತೊಟ್ಟಿಲಿನ ಮೇಲಿರುತ್ತದೆ. ಮಗುವಿಗೆ ಆರನೇ ವಾರದ ಲಸಿಕೆ ಹಾಕಿಸಲು ಹೋದ ದಿನ ಅದೇ ಹತ್ತು ಪ್ರಶ್ನೆಗಳ ಹಾಳೆಯನ್ನು ತಾಯಿಯ ಕೈಗೆ ಇನ್ನೊಮ್ಮೆ ಕೊಡಿಸಬೇಕು.