ಸ್ಪೆಕ್ಟ್ರಮ್ ಬಿಚ್ಚುವ ಮುಂಚೆ ಒಂದು ಕಟರ್ ಕೊಳ್ಳಿ

ಕೆಟ್ಟ ಚಿಪ್ ಉಳಿಸಲು ಹೋಗಿ ಚೆನ್ನಾಗಿದ್ದ ಬೋರ್ಡ್ ಹಾಳು ಮಾಡಿಕೊಂಡ ನಾಲ್ವರನ್ನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರ ಏಪ್ರಿಲ್‌ನಲ್ಲಿ ತಂದ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಆ ಕಾಲಕ್ಕೆ ಅಗ್ಗದ ಮನೆಬಳಕೆಯ ಕಂಪ್ಯೂಟರ್. 16ಕೆ (16 ಕಿಲೋಬೈಟ್ ರ‍್ಯಾಮ್, ಅಂದರೆ ಮೆಮೊರಿ) ಮಾದರಿಗೆ 125 ಪೌಂಡ್, 48ಕೆಗೆ 175. ನಮ್ಮಲ್ಲೂ ಡೆಸಿಬೆಲ್ಸ್ ಕಂಪನಿ ಇದರ ಪ್ಲಸ್ ಮಾದರಿಯನ್ನು ಮಾರಿತ್ತು. ಇಲ್ಲಿ ಹೇಳುವುದು ರಬ್ಬರ್ ಕೀಲಿಗಳ ಹಳೆಯ 16ಕೆ ಯಂತ್ರವನ್ನು 48ಕೆ ಮಾಡುವ ಕ್ರಮ.

ಹಂತ 1: ಅಡಿಯ ಐದು ಸ್ಕ್ರೂ ಬಿಚ್ಚಿ. ಮೇಲಿನ ಮುಚ್ಚಳವನ್ನು ದಡಕ್ಕನೆ ಎತ್ತಬೇಡಿ. ಕೀಬೋರ್ಡಿನ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿಗೆ ಸಿಕ್ಕಿಸಿರುತ್ತವೆ. ಅವು ಒಣಗಿ ಹಪ್ಪಳದಂತಾಗಿರುತ್ತವೆ. ಹರಿದರೆ ಅಂಟು ಹಚ್ಚಿ ಪರದಾಡುವುದು ಬೇಡ, ಹೊಸ ಮೆಂಬ್ರೇನ್ (ಕೀಲಿಗಳಡಿಯ ಈ ಪಟ್ಟಿಗಳುಳ್ಳ ಹಾಳೆ) ಸಿಗುತ್ತದೆ.

ಹಂತ 2: ಮಲ್ಟಿಮೀಟರ್ ಹಿಡಿಯಿರಿ. ಎಲ್ಲರೂ ಹಾರಿಬಿಡುವ ಹಂತ ಇದೇ. ಮೊದಲ 16ಕೆ ರ‍್ಯಾಮ್ ಎಂದರೆ ಎಂಟು 4116 ಚಿಪ್‌ಗಳು. ಇವಕ್ಕೆ ಮೂರು ಬಗೆಯ ವೋಲ್ಟೇಜ್ ಬೇಕು. 16ನೇ ಕಾಲಿಗೆ ಕಪ್ಪು ಪ್ರೋಬ್ ಇಟ್ಟು ಅಳೆದರೆ 1ನೇ ಕಾಲಲ್ಲಿ ಮೈನಸ್ 5, 8ರಲ್ಲಿ 12, 9ರಲ್ಲಿ 5 ಇರಬೇಕು. ಮೈನಸ್ 5 ಇಲ್ಲದಿದ್ದರೆ ತಕ್ಷಣ ಕರೆಂಟ್ ತೆಗೆಯಿರಿ. ಅದಿಲ್ಲದೆ ಓಡಿಸಿದರೆ ಚಿಪ್‌ಗಳು ಸುಟ್ಟು ಹೋಗುತ್ತವೆ. ಸಾಮಾನ್ಯವಾಗಿ ಕಳ್ಳ ಟಿಆರ್4 ಎಂಬ ಪುಟ್ಟ ಟ್ರಾನ್ಸಿಸ್ಟರ್. ಅದನ್ನು ಸರಿಪಡಿಸದೆ ಹೊಸ ರ‍್ಯಾಮ್ ಹಾಕುವವರು ಹೊಸದನ್ನೂ ಸುಡುತ್ತಾರೆ.

ಅಂದ ಹಾಗೆ, ಅಡಾಪ್ಟರ್. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್, ನಡುವಿನ ಪಿನ್ ಮೈನಸ್. ಇಂದಿನ ಬಹುತೇಕ ಅಡಾಪ್ಟರ್‌ಗಳು ಇದಕ್ಕೆ ಉಲ್ಟಾ. ಪಿನ್ ಹಿಡಿಸಿತು ಎಂದ ಮಾತ್ರಕ್ಕೆ ಚುಚ್ಚಬೇಡಿ.

ಹಂತ 3: ಕೆಟ್ಟ 4116 ತೆಗೆಯುವುದು. ಬೆರಳಿಟ್ಟಾಗ ಉಳಿದವಕ್ಕಿಂತ ಹೆಚ್ಚು ಸುಡುವ ಚಿಪ್ ಮೇಲೆ ಮೊದಲ ಅನುಮಾನ. ಅದನ್ನು ಇಡಿಯಾಗಿ ಕೀಳುವ ಆಸೆ ಬಿಡಿ. ಸಣ್ಣ ಮೊನೆಯ ಕಟರ್‌ನಿಂದ ಹದಿನಾರೂ ಕಾಲುಗಳನ್ನು ಚಿಪ್ಪಿನ ಒಡಲಿಗೆ ತಾಗಿದಂತೆ ಕತ್ತರಿಸಿ, ಒಡಲನ್ನು ಎತ್ತಿ ಬಿಸಾಡಿ. ಈಗ ಒಂದೊಂದು ಕಾಲು ಒಂಟಿ. ಬೋರ್ಡಿನ ಅಡಿಯಿಂದ ಹಳೆಯ ಬೆಸುಗೆಗೆ ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ. ನಲವತ್ತು ವರ್ಷದ ಬೆಸುಗೆ ಹೊಸದರ ಜೊತೆ ಬೆರೆತಾಗಲೇ ಸರಿಯಾಗಿ ಕರಗುವುದು. ಕರಗಿದ ಕೂಡಲೇ ಮೇಲಿನಿಂದ ಚಿಮಟದಲ್ಲಿ ಹಿಡಿದರೆ ಕಾಲು ತಾನೇ ಬರಬೇಕು. ಬರದಿದ್ದರೆ ಎಳೆಯಬೇಡಿ, ಇನ್ನೊಮ್ಮೆ ಕಾಯಿಸಿ. ಎಳೆದರೆ ತೂತಿನೊಳಗಿನ ತಾಮ್ರದ ಲೇಪವೂ ಕಿತ್ತು ಬಂದು, ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಂಟು ತಪ್ಪುತ್ತದೆ. ಗ್ರೌಂಡ್‌ಗೆ ಸೇರಿದ 16ನೇ ಕಾಲು ಶಾಖವನ್ನೆಲ್ಲ ಹೀರುತ್ತದೆ. ಅದಕ್ಕೆ ತಾಳ್ಮೆ ಬೇಕು. ಕೊನೆಗೆ ತೂತುಗಳನ್ನು ಸೋಲ್ಡರ್ ಸಕ್ಕರ್‌ನಿಂದ ಖಾಲಿ ಮಾಡಿ. ಎರಡನೇ ದಿನಕ್ಕೇ ಸ್ಪ್ರಿಂಗ್ ಸಡಿಲವಾಗುವ ಅಗ್ಗದ ಸಕ್ಕರ್ ಕೊಳ್ಳುವುದು ದಂಡ.

ಆ ಜಾಗದಲ್ಲಿ ಐಸಿ ಬೇಸ್ (ಚಿಪ್ ಚುಚ್ಚುವ ಸಾಕೆಟ್) ಕೂರಿಸಿ, ಗುಂಡು ಪಿನ್ನಿನದೇ ಆಗಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಸ್ ಕೇಳಿದರೆ ಕೊಡುತ್ತಾರೆ. 4116 ಎಂದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ. ಆನ್‌ಲೈನ್‌ನಲ್ಲಿ ಸಿಗುತ್ತವೆ, ಆದರೆ ಹಳೇ ನಂಬರ್ ಉಜ್ಜಿ ಹೊಸದು ಅಚ್ಚು ಹಾಕಿದ ಮಾಲೂ ಬರುತ್ತದೆ. ಎರಡು ಹೆಚ್ಚಿಗೆ ತರಿಸಿ.

ಹಂತ 4: 48ಕೆ ಆಗಲು ಮೊದಲ 16ಕೆ ಜೊತೆ ಸೇರಿಸುವ ಮೇಲಿನ 32ಕೆ. ಬೋರ್ಡಿನ ಆವೃತ್ತಿ 'ಇಶ್ಯೂ 2' ಅಥವಾ ನಂತರದ್ದಾದರೆ ಕೆಲಸ ಸಲೀಸು. ಎಂಟು ರ‍್ಯಾಮ್ ಚಿಪ್, ಜೊತೆಗೆ ಲಾಜಿಕ್ ಚಿಪ್‌ಗಳಾದ ಒಂದು 74ಎಲ್‌ಎಸ್32, ಒಂದು 74ಎಲ್‌ಎಸ್00, ಎರಡು 74ಎಲ್‌ಎಸ್157 ಖಾಲಿ ಜಾಗಗಳಲ್ಲಿ ಕೂರುತ್ತವೆ. ಅಂದು ಬಳಸಿದ್ದು 4532; ಅದು ಅರ್ಧ ಮಾತ್ರ ಕೆಲಸ ಮಾಡುವ 64ಕೆ ಚಿಪ್. ಉಳಿತಾಯದ ಬುದ್ಧಿ! ಇಂದು ಅದರ ಬದಲು ಪೂರ್ತಿ ಚೆನ್ನಾಗಿರುವ 4164 ಹಾಕಿ. ಆದರೆ ಅದೇ 4164 ಅನ್ನು 4116ರ ಜಾಗಕ್ಕೆ ನೇರವಾಗಿ ಚುಚ್ಚಿದರೆ, 5 ವೋಲ್ಟ್ ಬೇಕಾದ 8ನೇ ಕಾಲಿಗೆ 12 ವೋಲ್ಟ್ ಹರಿದು ಕಥೆ ಮುಗಿಯುತ್ತದೆ.

ಹಂತ 5: ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿ. ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 6: 7805 ರೆಗ್ಯುಲೇಟರ್ 9 ವೋಲ್ಟನ್ನು 5ಕ್ಕೆ ಇಳಿಸಿ ಉಳಿದದ್ದನ್ನು ಬರೀ ಶಾಖ ಮಾಡುತ್ತದೆ. ಅದೇ ಮೂರು ಕಾಲಿನ ಜಾಗಕ್ಕೆ ಕೂರುವ ಸ್ವಿಚಿಂಗ್ ಮಾಡ್ಯೂಲ್ ಹಾಕಿ. 'ಮೂಲರೂಪ ಕೆಡುತ್ತದೆ' ಎನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ, ನನ್ನ ಯಂತ್ರ ತಣ್ಣಗಿದೆ.

ಹಿಂಬದಿಯ ಎಡ್ಜ್ ಕನೆಕ್ಟರ್‌ಗೆ ಎಸ್‌ಡಿ ಕಾರ್ಡ್ ಸಾಧನ ಚುಚ್ಚುವಾಗಲೂ ತೆಗೆಯುವಾಗಲೂ ಕರೆಂಟ್ ಬಂದ್ ಇರಲಿ. ಅಲ್ಲಿ 5, 9, 12 ವೋಲ್ಟ್ ಎಲ್ಲವೂ ಇವೆ. ಒಂದು ಸಲ ಜಾರಿದರೆ ಸಾಕು.

ಪರೀಕ್ಷೆ ಹೀಗೆ: ಈ ಯಂತ್ರದಲ್ಲಿ ಒಂದೇ ಕೀಲಿಗೆ ಇಡೀ ಆದೇಶಪದ ಮೂಡುತ್ತದೆ; ಪಿ ಒತ್ತಿದರೆ ಪ್ರಿಂಟ್ ಬರುತ್ತದೆ. ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟು ಓ ಒತ್ತಿದರೆ ಪೀಕ್. 'ಪ್ರಿಂಟ್ ಪೀಕ್ 23732 + 256 * ಪೀಕ್ 23733' ಎಂದು ಕೊಟ್ಟು ಎಂಟರ್ ಒತ್ತಿ. 65535 ಬಂದರೆ 48ಕೆ ಆಗಿದೆ. 32767 ಬಂದರೆ ಹಂತ 4ರ ಯಾವುದೋ ಚಿಪ್ ಸರಿಯಾಗಿ ಕೂತಿಲ್ಲ, ಕಾಲು ಒಳಕ್ಕೆ ಮಡಚಿದೆಯೇ ನೋಡಿ.